ರೊಟ್ಟಿ ತಿನ್ನಲು ಕಳಿಸಿದೆ, ಪೂರಿ ತಿಂದು ಬಂದರು

ಕಳೆದ ವಾರ ಮಂಗಳವಾರ ಮಧ್ಯಾಹ್ನ ನನ್ನ ಫೋನಿಗೆ ಒಂದು ಫೋಟೊ ಬಂತು.

ಉಬ್ಬಿದ ಪೂರಿ. ಪಕ್ಕದಲ್ಲಿ ಕೆಂಪಗೆ ಹೊಳೆಯುವ ಗೋಬಿ ಮಂಚೂರಿ. ಪನೀರ್ ಪಲ್ಯ, ಬಟಾಣಿ ಹಾಕಿದ ಪಲಾವ್. ಸಣ್ಣ ಬಟ್ಟಲಲ್ಲಿ ಎರಡು ಜಾಮೂನು. ತಟ್ಟೆಯ ಆಚೆ ಬಾಟ್ಲಿ ನೀರು, ಈಚೆ ಮಡಚಿಟ್ಟ ಟಿಶ್ಯೂ ಪೇಪರ್.

ಕೆಳಗೊಂದು ಸಾಲು: ‘ಮೇಡಂ, ನೀವು ಹೇಳಿದ ಜಾಗ ಇದೇನಾ?’

‘ಅಲ್ಲ, ನೀವು ದಾರಿ ತಪ್ಪಿದ್ದೀರಿ’ ಎಂದು ಬರೆಯಲು ಹೊರಟಿದ್ದೆ. ನಾನು ಹೇಳಿದ್ದು ರೊಟ್ಟಿ ಊಟದ ಖಾನಾವಳಿ. ಅಲ್ಲಿ ಪೂರಿ ಎಲ್ಲಿಂದ ಬರಬೇಕು? ಟಿಶ್ಯೂ ಪೇಪರಂತೂ ಆ ಹೊಸ್ತಿಲು ದಾಟಿದ್ದನ್ನು ನಾನು ಕಂಡೇ ಇಲ್ಲ. ಅಷ್ಟರಲ್ಲಿ ಫೋಟೊದ ಮೂಲೆ ಕಣ್ಣಿಗೆ ಬಿತ್ತು. ಜಾಮೂನಿನ ಬಟ್ಟಲು ಸರಿಸುತ್ತಿದ್ದ ಒಂದು ಕೈ. ತುಂಬ ಹಸಿರು ಬಳೆ, ಮುಂಗೈಯಲ್ಲಿ ಹಂಚು ತಾಗಿ ಸುಟ್ಟ ಹಳೆಯ ಕಲೆ. ಆ ಕೈ ಬಡಿದ ರೊಟ್ಟಿಯನ್ನು ನಾನು ಹದಿನೆಂಟು ವರ್ಷ ತಿಂದಿದ್ದೇನೆ. ಅದು ಫಕ್ಕೀರವ್ವನ ಕೈ.

ಜಾಗ ಅದೇ. ಊಟ ಮಾತ್ರ ಬೇರೆ.

ಏನಾಯಿತೆಂದು ಮೊದಲಿನಿಂದ ಹೇಳುತ್ತೇನೆ. (ತಪ್ಪು ಯಾರದು ಅಂತ ನೀವೇ ತೀರ್ಮಾನಿಸಿ. ನನಗೂ ಒಂದು ಅಭಿಪ್ರಾಯ ಇದೆ, ಆದರೆ ಅದು ದಿನಕ್ಕೊಂದು ಸಲ ಬದಲಾಗುತ್ತಿದೆ.)

ಈ ಅಂಕಣಕ್ಕೆ ಹೊಸಬರಿದ್ದರೆ ಒಂದು ಮಾತು. ನಾನು ಹಾನಗಲ್ಲಿನವಳು. ಆರೋಗ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಯಾವ ಬಸ್ಸು ಎಲ್ಲಿ ಕೆಟ್ಟು ನಿಲ್ಲುತ್ತದೆ ಎಂದು ತಿಳಿಯುವಷ್ಟು ತಿರುಗಿದ್ದೇನೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಳ್ಳಲು ಯಾವತ್ತೂ ಪುರುಸೊತ್ತು ಸಿಕ್ಕಿದ್ದಿಲ್ಲ. ಹಾಗಾಗಿ ಮಧ್ಯಾಹ್ನದ ಊಟ ಹೊರಗೇ. ಎಲ್ಲಿ ಏನು ಚೆನ್ನ, ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ಸಾರು ಹಾಕಿಸಿಕೊಳ್ಳುವ ಮೊದಲು ಮೂಸಿ ನೋಡಬೇಕು, ಎಲ್ಲ ನನಗೆ ಬಾಯಿಪಾಠ.

ಗೊತ್ತಿರುವ ವಿಷಯದಲ್ಲಿ ವಿನಯ ತೋರಿಸುವುದು ನನಗೆ ಆಗಿಬರುವುದಿಲ್ಲ. ಈ ನಾಲ್ಕು ತಾಲೂಕಿನಲ್ಲಿ ಎಲ್ಲಿ ಉಣ್ಣಬೇಕು ಎಂದು ನನ್ನನ್ನು ಕೇಳಬೇಕು. ಬೇರೆಯವರನ್ನು ಕೇಳಿ ಹೊಟ್ಟೆ ಕೆಡಿಸಿಕೊಂಡರೆ ಅದು ನಿಮ್ಮ ಹಣೆಬರಹ.

ಕೇಳುತ್ತಾರೆ ಕೂಡ. ಈ ಸಲ ಕೇಳಿದವರು ಮೈಸೂರಿನ ವಸುಧಾ ಎಂಬ ಓದುಗರು. ‘ನಾವು ನಾಲ್ಕು ಜನ ಫ್ರೆಂಡ್ಸ್ ಮೇಡಂ. ವರ್ಷಕ್ಕೆ ಎರಡು ಸಲ ಕಾರ್ ತಗೊಂಡು ಹೊರಡ್ತೀವಿ. ಊರು ನೋಡೋಕಲ್ಲ, ಊಟ ಮಾಡೋಕೆ. ಹುಬ್ಬಳ್ಳಿಯಿಂದ ವಾಪಸ್ ಬರೋವಾಗ ನಿಮ್ಮ ಕಡೆ ಒಂದಿನ ಇಟ್ಕೊಂಡಿದ್ದೀವಿ.’

ಊಟ ಮಾಡುವುದಕ್ಕೆ ಅಂತಲೇ ಪ್ರವಾಸ ಹೊರಡುವ ಹೆಂಗಸರು! ನನಗೆ ಆ ಕ್ಷಣವೇ ಇಷ್ಟವಾಗಿಬಿಟ್ಟರು.

‘ಹಾಗೇ ಹತ್ತಿರದಲ್ಲಿ ಯಾವುದಾದ್ರೂ ವೈನರಿ ಇದ್ಯಾ ಮೇಡಂ? ತೋಟ ನೋಡಿ, ಸುಮ್ನೆ ಒಂದು ಗುಟುಕು ಟೇಸ್ಟ್ ಮಾಡಿ…’ ಎಂದರು.

ದ್ರಾಕ್ಷಿ ಬೇಕಿದ್ದರೆ ವಿಜಯಪುರದ ಕಡೆ ಹೋಗಿ, ನಮ್ಮದು ಭತ್ತ, ಹತ್ತಿ, ಗೋವಿನಜೋಳದ ಸೀಮೆ ಎಂದೆ. (‘ವೈನ್ಸ್’ ಎಂಬ ಬೋರ್ಡು ಎಲ್ಲ ಊರಲ್ಲೂ ಇದೆ. ಅಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದಂತೆ. ಅದನ್ನು ಟೇಸ್ಟ್ ಮಾಡುವವರು ಗುಟುಕಿಗೆ ನಿಲ್ಲಿಸುವುದಿಲ್ಲ.)

ಆಮೇಲೆ ನಾನು ಅವರ ದಿನವನ್ನು ನನ್ನ ಕೈಗೆ ತೆಗೆದುಕೊಂಡೆ. ಬೆಳಿಗ್ಗೆ ತಡಸದಲ್ಲಿ ನಿಲ್ಲಿಸಿ ಬಿಸಿ ಮಿರ್ಚಿ ಭಜಿ ತಿನ್ನಿ, ಎರಡೇ, ಮೂರನೆಯದಕ್ಕೆ ಆಸೆಪಡಬೇಡಿ. ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನ ಎದುರು ಚಹಾ. (ಒಮ್ಮೆ ದುಂಡಸಿ ಬಸ್ಸು ತಪ್ಪಿಸಿಕೊಂಡಿದ್ದರಿಂದ ಆ ಅಂಗಡಿ ನನಗೆ ಸಿಕ್ಕಿತು. ಆ ಡ್ರೈವರನಿಗೆ ಇವತ್ತಿಗೂ ಋಣಿ.) ಸವಣೂರಿನಲ್ಲಿ ಖಾರದ ಪೊಟ್ಟಣ ಕಟ್ಟಿಸಿಕೊಳ್ಳಿ, ವೀಳ್ಯದೆಲೆ ಕೊಳ್ಳಿ. ಬಿರಿಯಾನಿ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಮುಂದೆ ನಡೆಯಿರಿ, ಅದಕ್ಕೆ ಇನ್ನೊಂದು ಸಲ ಬನ್ನಿ. ಯಾಕೆಂದರೆ ಮಧ್ಯಾಹ್ನದ ಹೊಟ್ಟೆ ಒಂದೇ, ಅದು ಅಕ್ಕಿಆಲೂರಿನ ಫಕ್ಕೀರವ್ವನಿಗೆ ಮೀಸಲು.

ಫಕ್ಕೀರವ್ವನ ಖಾನಾವಳಿ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿದೆ. ಬೋರ್ಡು ಇಲ್ಲ. ಎರಡು ಉದ್ದ ಬೆಂಚು, ಎದುರಿಗೆ ಗೋಡೆ. ಗಿರಣಿಯ ಹಮಾಲರು, ಟೆಂಪೊ ಓಡಿಸುವವರು ಗೋಡೆಗೆ ಮುಖ ಮಾಡಿ ಉಣ್ಣುತ್ತಾರೆ. ಏನಿದೆ ಎಂದು ಯಾರೂ ಕೇಳುವುದಿಲ್ಲ, ಆಕೆಯೂ ಹೇಳುವುದಿಲ್ಲ. ಹಂಚಿನಿಂದ ನೇರ ತಟ್ಟೆಗೆ ಬೀಳುವ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಪುಂಡಿಪಲ್ಯ, ಗುದ್ದಿದ ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ನನ್ನ ಜಾಗ ಬೆಂಚಲ್ಲ, ಅಡುಗೆಮನೆಯ ಹೊಸ್ತಿಲ ಒಳಗೆ, ಒಲೆಯ ಪಕ್ಕದ ಮಣೆ. ಅದನ್ನು ಗಿಟ್ಟಿಸಿಕೊಳ್ಳಲು ನನಗೆ ನಾಲ್ಕು ವರ್ಷ ಹಿಡಿಯಿತು.

ಇಷ್ಟನ್ನೂ ವಸುಧಾ ಅವರಿಗೆ ಬಾಯಲ್ಲಿ ನೀರೂರುವಂತೆ ವರ್ಣಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

ನಿಲ್ಲಿಸಿದರೆ ನಾನು ನಾನಾಗುತ್ತೇನೆಯೇ? ಫಕ್ಕೀರವ್ವನಿಗೂ ಫೋನ್ ಹಚ್ಚಿದೆ.

‘ಅಕ್ಕಾ, ನಾಳೆ ಮಧ್ಯಾಹ್ನ ಮೈಸೂರಿಂದ ನಾಕು ಮಂದಿ ಬರ್ತಾರ. ನಮ್ಮ ಮಂದಿ. ಚಲೋತ್ನಂಗ ನೋಡ್ಕೊ.’

‘ನಿನ್ನ ಮಂದೀನ? ಬರ್ಲಿ ತಗೋ! ನೀ ಏನೂ ಚಿಂತಿ ಮಾಡಬ್ಯಾಡ ತಂಗೀ.’

ಆ ದನಿಯ ಸಂಭ್ರಮ ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಹದಿನೆಂಟು ವರ್ಷದಲ್ಲಿ ನನಗೆ ಊಟ ಹಾಕುವಾಗ ಆಕೆ ಒಂದು ದಿನವೂ ಇಷ್ಟು ಖುಷಿಪಟ್ಟದ್ದಿಲ್ಲ. ‘ಬಂದೇನ, ಕೈ ತೊಳಕೊ’ ಎನ್ನುವುದಷ್ಟೇ ನಮ್ಮ ಸ್ವಾಗತ ಭಾಷಣ.

ಮರುದಿನ ಬಂದದ್ದೇ ಆ ಫೋಟೊ. ಹಿಂದೆಯೇ ವಸುಧಾ ಅವರ ಫೋನು.

‘ತಪ್ಪು ತಿಳ್ಕೋಬೇಡಿ ಮೇಡಂ. ಅಮ್ಮ ತುಂಬಾ ಪ್ರೀತಿಯಿಂದ ಬಡಿಸಿದ್ರು. ನಾವೇ ಸ್ವಲ್ಪ… ರೊಟ್ಟಿ ಇಲ್ವಾ ಅಂತ ಕೇಳಿದ್ವಿ. ಅವರ ಮುಖ ಒಂಥರಾ ಆಗೋಯ್ತು. ಪೂರಿ, ಗೋಬಿ ನಮ್ಮ ಮೈಸೂರಲ್ಲೇ ಸಿಗತ್ತಲ್ಲ ಅಂತ ನಮ್ಮಲ್ಲೊಬ್ಬಳು ಬಾಯಿ ತಪ್ಪಿ ಅಂದ್ಬಿಟ್ಲು. ಹೊಟ್ಟೆ ಬೇರೆ ಮಿರ್ಚಿಯಿಂದ ತುಂಬಿತ್ತು. ಅರ್ಧಕ್ಕರ್ಧ ತಟ್ಟೇಲೇ ಬಿಟ್ಟು ಎದ್ವಿ.’

ತಟ್ಟೆಯಲ್ಲಿ ಬಿಟ್ಟು ಎದ್ದರು. ಫಕ್ಕೀರವ್ವನ ಮನೆಯಲ್ಲಿ.

ಹಿರೇಕೆರೂರಿನಲ್ಲಿ ಚಹಾ ಕುಡಿದು ಹೋಗಿ ಎಂದು ಏನೋ ಒಂದು ಹೇಳಿ ಫೋನಿಟ್ಟೆ. ಸಿಟ್ಟು ನೆತ್ತಿಗೇರಿತ್ತು. ಅವರ ಮೇಲಲ್ಲ, ಫಕ್ಕೀರವ್ವನ ಮೇಲೆ! ನನ್ನ ಮರ್ಯಾದೆ ಏನಾಗಬೇಕು? ಇಡೀ ಜಿಲ್ಲೆಯಲ್ಲಿ ಇಂಥ ರೊಟ್ಟಿ ಇಲ್ಲ ಎಂದು ನಾನು ಎದೆ ತಟ್ಟಿ ಹೇಳಿದ ದಿನವೇ ಈಕೆಗೆ ಪೂರಿ ಕರಿಯುವ ಹುಕಿ ಯಾಕೆ ಬಂತು? ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆಯವರೆಗೆ ಆರು ಸಲ ಮಾಡಿದೆ. ರಿಂಗಾಗಿ ರಿಂಗಾಗಿ ಕಟ್ಟಾಯಿತು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಹಾನಗಲ್ಲಿನಿಂದ ಅಕ್ಕಿಆಲೂರು ಎಷ್ಟು ದೂರ? ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ.

ಗಿರಣಿಯ ಹತ್ತಿರ ಗುಡ್ಡಪ್ಪ ಸಿಕ್ಕ. ಹಮಾಲ, ಫಕ್ಕೀರವ್ವನ ಬೆಂಚಿನ ಹಳೆಯ ಗಿರಾಕಿ. ನನ್ನನ್ನು ಕಂಡದ್ದೇ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.

‘ಏನ್ರಿ ಅಕ್ಕಾರ, ಭಾರಿ ಮಂದೀನ ಕಳಿಸಿದ್ರಿ! ನಿನ್ನಿ ನಮಗ ಊಟಾನ ಇಲ್ಲ.’

‘ಯಾಕೋ?’

‘ಖಾನಾವಳಿ ಬಂದ್ ಇಟ್ಟಿದ್ಲು. ಮನಿಗೆ ಬೀಗರು ಬರಾಕತ್ತಾರ, ಇವತ್ತ ಹೊರಗ ನೋಡ್ಕೋರಿ ಅಂದ್ಲು. ಮಂಡಕ್ಕಿ ಮಿರ್ಚಿ ತಿಂದು ಚೀಲಾ ಹೊತ್ತೇವಿ. ಮುಂಜಾನಿಂದ ಓಡಾಡಿದ್ದೇ ಓಡಾಡಿದ್ದು ನೋಡ್ರಿ ಆಕಿ. ಪನೀರ ತರಾಕ ಹಾನಗಲ್ಲಿಗೆ ಯಾರ್ನೋ ಕಳಿಸಿದ್ಲು. ಬಾಜೂ ಮನಿಯಿಂದ ಟೇಬಲ್ ತರಿಸಿದ್ಲು, ಕುರ್ಚಿ ತರಿಸಿದ್ಲು.’

‘ಆಮೇಲೆ?’

ಗುಡ್ಡಪ್ಪ ಟವೆಲ್ ಮತ್ತೆ ತಲೆಗೆ ಸುತ್ತಿಕೊಂಡ. ‘ಆಮ್ಯಾಲೇನ್ರಿ. ಇಳಿಹೊತ್ತಿಗೆ ನಮ್ಮನ್ನ ಕರದು, ಉಳಿದ ಪೂರಿ ಪನೀರು ಎಲ್ಲಾ ಉಣಿಸಿದ್ಲು. ಚಲೋ ಇತ್ರಿ, ಹಬ್ಬದ ಊಟ ಆತು ನಮಗ. ಆಕಿ ಮಾತ್ರ ಒಲಿ ಮುಂದ ಕುಂತು ಸೆರಗಿಲೆ ಕಣ್ಣ ಒರಸ್ಕೊಳ್ಳಾಕತ್ತಿದ್ಲು. ಹೊಗಿ ಅಂದ್ಲು. ಗ್ಯಾಸ್ ಒಲಿಗೆ ಎಲ್ಲಿ ಹೊಗಿರಿ?’

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಬೈಗುಳಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

ಖಾನಾವಳಿಯಲ್ಲಿ ಇನ್ನೂ ಊಟದ ಹೊತ್ತಾಗಿರಲಿಲ್ಲ. ಫಕ್ಕೀರವ್ವ ಹಿಟ್ಟು ನಾದುತ್ತಿದ್ದಳು. ನಾನು ಎಂದಿನಂತೆ ಚಪ್ಪಲಿ ಬಿಟ್ಟು ಒಳಗಿನ ಮಣೆಯ ಕಡೆ ನಡೆದೆ.

‘ಬರ್ರಿ ಮೇಡಂ. ಅಲ್ಲೆ ಹೊರಗ ಕುಂಡ್ರಿ, ಇಲ್ಲಿ ಧಗಿ ಭಾಳ,’ ಎಂದಳು.

ಮೇಡಂ! ಹದಿನೆಂಟು ವರ್ಷ ‘ತಂಗೀ’ ಎಂದು ಕರೆದ ಬಾಯಿ. ಹೊರಗೆ ನೋಡಿದರೆ ನಿನ್ನೆಯ ಟೇಬಲ್ಲು ಹಾಗೇ ಇತ್ತು. ನಾನು ಹೊಸ್ತಿಲ ಮೇಲೇ ನಿಂತೆ.

‘ಅಲ್ಲ ಅಕ್ಕಾ, ಅವರು ನಿನ್ನ ರೊಟ್ಟಿ ತಿನ್ನಾಕಂತನ ಅಷ್ಟ ದೂರದಿಂದ ಬಂದಿದ್ರು. ರೊಟ್ಟಿ ಯಾಕ ಮಾಡ್ಲಿಲ್ಲ ನೀ?’

ನಾದುತ್ತಿದ್ದ ಕೈ ನಿಂತಿತು.

‘ನಮ್ಮ ಮಂದಿ ಅಂದ್ರಿ ನೀವು. ನಿಮ್ಮ ಮಂದಿ ನನ್ನ ಮನಿಗೆ ಮೊದಲನೇ ಸಲ ಬಂದ್ರ, ಅವರ ಮುಂದ ನಾ ಝುಣಕಾ ರೊಟ್ಟಿ ಇಡ್ಲೇನ್ರಿ? ದಿನಾ ತಿನ್ನೂದನ್ನ? ನಾಳೆ ನಿಮ್ಮ ಮಾರಿ ಹೆಂಗ ನೋಡ್ಲಿ ನಾ?’

‘ಅದು ಹಂಗಲ್ಲ ಅಕ್ಕಾ…’

‘ಹಂಗಲ್ಲ ಅಂದ್ರ ಹೆಂಗ್ರಿ? ನಿಮ್ಮ ಮಗಳ ಕಡಿ ಬೀಗರು ನಿಮ್ಮ ಮನಿಗೆ ಬಂದಾಗ ನೀವೇನ ಹಾಕಿದ್ರಿ? ಹೇಳ್ರಿ.’

ನಾನು ಮಾತಿನ ಮಲ್ಲಿ. ಭಾಷಣಕ್ಕೆ ಕರೆದರೆ ಸಂಘಟಕರೇ ಚೀಟಿ ಕಳಿಸಿ ಕೂರಿಸಬೇಕು. ಆದರೆ ಆ ಪ್ರಶ್ನೆಗೆ ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಯಾಕೆಂದರೆ ನಾನು ಹಾಕಿದ್ದು ಹೋಳಿಗೆ, ಪೂರಿ, ಪಲಾವ್, ಗೋಬಿ. ಅಡುಗೆಯವನನ್ನು ಹಾವೇರಿಯಿಂದ ಕರೆಸಿದ್ದೆ. ಆ ದಿನ ಬೆಳಿಗ್ಗೆ ಮಾಡಿದ್ದ ರೊಟ್ಟಿಯ ಬುಟ್ಟಿಯನ್ನು ಬೀಗರ ಕಣ್ಣಿಗೆ ಬೀಳದಿರಲಿ ಎಂದು ಮಂಚದ ಕೆಳಗೆ ತಳ್ಳಿದ್ದೆ. ರೊಟ್ಟಿಯ ಬಗ್ಗೆ ಇದೇ ಅಂಕಣದಲ್ಲಿ ಏಳೆಂಟು ಸಲ ಬರೆದವಳು! ನನ್ನ ಅವ್ವನೂ ಅದನ್ನೇ ಮಾಡುತ್ತಿದ್ದಳು. ಶಾಲೆಯ ಮಾಸ್ತರು ಮನೆಗೆ ಬಂದರೆ ರೊಟ್ಟಿ ಬಡಿಯುವ ಸಪ್ಪಳ ಕೇಳಬಾರದೆಂದು ಹಿಟ್ಟು ನಾದುವ ಕೊಣಮಿಗೆ ಸರಿಸಿ ಅನ್ನಕ್ಕೆ ಎಸರಿಡುತ್ತಿದ್ದಳು. ಅಕ್ಕಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ತರುತ್ತಿದ್ದಳು. ನಮ್ಮ ಕಡೆಯ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ, ಇಂಥ ಒಂದು ಬುಟ್ಟಿ ಎಲ್ಲರ ಮನೆಯಲ್ಲೂ ಇದೆ.

ಹುಬ್ಬಳ್ಳಿಯ ದೊಡ್ಡ ಮದುವೆಗಳಲ್ಲಿ ಈಗ ರೊಟ್ಟಿ ಕೌಂಟರ್ ಇಡುತ್ತಾರೆ. ಇಳಕಲ್ ಸೀರೆ ಉಡಿಸಿ ಇಬ್ಬರನ್ನು ರೊಟ್ಟಿ ಬಡಿಯಲು ಕೂರಿಸುತ್ತಾರೆ. ಬಂದವರು ‘ವಾವ್’ ಎಂದು ಫೋಟೊ ತೆಗೆದುಕೊಳ್ಳುತ್ತಾರೆ. ನಾನೂ ತೆಗೆದುಕೊಂಡಿದ್ದೇನೆ. ಆದರೆ ಆ ಬಡಿಯುವ ಹೆಂಗಸಿನ ಮನೆಗೆ ನಾವು ಊಟಕ್ಕೆ ಹೋದರೆ ಆಕೆ ನಮಗೆ ರೊಟ್ಟಿ ಹಾಕುತ್ತಾಳೆಯೇ? ಪ್ರಾಣ ಹೋದರೂ ಹಾಕುವುದಿಲ್ಲ. ಅಂಗಡಿಗೆ ಓಡಿ ರವಾ ತರುತ್ತಾಳೆ. ರೊಟ್ಟಿ ಅವಳಿಗೆ ಇವತ್ತಿಗೂ ಮನೆಯೊಳಗಿನ ವಿಷಯ. ಅದನ್ನು ಬಯಸಿ ಯಾರಾದರೂ ಮುನ್ನೂರು ಕಿಲೋಮೀಟರ್ ಬರುತ್ತಾರೆ ಎಂದು ಆಕೆಗೆ ಯಾರೂ ನಂಬುವಂತೆ ಹೇಳಿಲ್ಲ.

ನಾನೂ ಹೇಳಿರಲಿಲ್ಲ. ವಸುಧಾ ಅವರಿಗೆ ಅರ್ಧ ಗಂಟೆ ರೊಟ್ಟಿಯ ಗುಣಗಾನ ಮಾಡಿದೆ. ಬಡಿಯುವವಳಿಗೆ ಹೇಳಿದ್ದು ‘ಚಲೋತ್ನಂಗ ನೋಡ್ಕೊ’ ಅಂತ. ಹದಿನೆಂಟು ವರ್ಷದಲ್ಲಿ ಒಂದು ಸಲವಾದರೂ ‘ಅಕ್ಕಾ, ನಿನ್ನ ರೊಟ್ಟಿ ಅಂದ್ರ ರೊಟ್ಟಿ’ ಎಂದಿದ್ದೇನೆಯೇ? ನೆನಪಿಲ್ಲ. ತಿಂದು ಕೈ ತೊಳೆದು ಬಸ್ಸು ಹತ್ತಿದ್ದೇನೆ.

‘ತಪ್ಪಾತು ಅಕ್ಕಾ. ನಂದ ತಪ್ಪು,’ ಎಂದೆ. (ಈ ಮಾತನ್ನು ನಾನು ಎಷ್ಟು ಅಪರೂಪಕ್ಕೆ ಆಡುತ್ತೇನೆಂದು ನಮ್ಮ ಮನೆಯವರನ್ನು ಕೇಳಬೇಕು.)

‘ಇರ್ಲಿ ಬಿಡ್ರಿ. ಉಣ್ಣಾಕ ಕುಂಡ್ರಿ,’ ಎಂದಳು.

ಕುಳಿತೆ. ಟೇಬಲ್ಲಿನ ಮುಂದೆ, ಕುರ್ಚಿಯ ಮೇಲೆ. ಅಷ್ಟರಲ್ಲಿ ಹಮಾಲರು ಒಬ್ಬೊಬ್ಬರಾಗಿ ಬಂದು ಬೆಂಚು ತುಂಬಿದರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಅವರ ತಟ್ಟೆಗಳಿಗೆ ಹಬೆಯಾಡುವ ರೊಟ್ಟಿ ಬಿತ್ತು, ಝುಣಕ ಬಿತ್ತು. ಬದನೆಕಾಯಿಯ ಘಮಕ್ಕೆ ನನ್ನ ಬಾಯಿ ಒದ್ದೆಯಾಯಿತು. ಫಕ್ಕೀರವ್ವ ಕೊನೆಗೆ ನನ್ನ ಕಡೆ ಬಂದಳು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಪೂರಿ.

‘ನನಗ ರೊಟ್ಟಿ ಕೊಡು ಅಕ್ಕಾ.’

‘ರೊಟ್ಟಿ ನಮ್ಮ ಮಂದಿಗೆ ಐತ್ರಿ,’ ಎಂದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದಳು.

ಗುಡ್ಡಪ್ಪ ಗೋಡೆಯ ಕಡೆ ತಿರುಗಿದವನು ಇತ್ತ ನೋಡಲೇ ಇಲ್ಲ.

ತಿಂದೆ. ಒಂದು ಪೂರಿ, ಎರಡು ಪೂರಿ. ಮೂರನೆಯದು ತಂದಾಗ ಸಾಕು ಎಂದು ಕೈ ಅಡ್ಡ ಹಿಡಿದೆ. ಆಕೆ ಪೂರಿ ಹಿಡಿದುಕೊಂಡು ನಿಂತೇ ಇದ್ದಳು.

‘ಅವರೂ ಹಿಂಗ ಕೈ ಅಡ್ಡ ಹಿಡದ್ರು,’ ಎಂದಳು.

ಕೈ ತೆಗೆದೆ. ಮೂರನೆಯದನ್ನೂ ತಿಂದೆ, ನಾಲ್ಕನೆಯದನ್ನೂ ತಿಂದೆ, ಪಲ್ಯವನ್ನು ಬೆರಳಿಂದ ಬಳಿದು ತಟ್ಟೆ ಬೋಳು ಮಾಡಿದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಹೇಳೋಣವೆಂದರೆ ಆ ಪಲ್ಯ ಬೀಗರಿಗೆ ಮಾಡುವಂಥದ್ದು, ಅದರಲ್ಲಿ ಖಾರವೇ ಇರಲಿಲ್ಲ. ‘ಹೋಗಿ ಬರ್ತೇನಿ ಅಕ್ಕಾ’ ಎಂದೆ. ‘ಹೂಂನ್ರಿ’ ಎಂದಳು.

ಅದೇ ರಾಗ ಎಳೆಯುತ್ತ ಮನೆಯಲ್ಲಿ ಕೂರುವವಳು ನಾನಲ್ಲ. ವಸುಧಾ ಅವರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಪಾಪ, ಅವರು ಅತ್ತೇಬಿಟ್ಟರು. ‘ಮತ್ತೆ ಬರ್ತೀವಿ ಮೇಡಂ, ಈ ಸಲ ಅವರು ಏನು ಹಾಕಿದ್ರೂ ತಿಂತೀವಿ’ ಎಂದರು. ಬನ್ನಿ ಎಂದೆ. ಆದರೆ ಹೇಳದೆ ಬನ್ನಿ, ಬೆಂಚಿನ ಮೇಲೆ ಹಮಾಲರ ಪಕ್ಕ ಜಾಗ ಮಾಡಿಕೊಂಡು ಕುಳಿತುಬಿಡಿ, ನನ್ನ ಹೆಸರು ಮಾತ್ರ ಎತ್ತಬೇಡಿ ಎಂದೆ. ನಿಮಗೂ ಅದೇ ಮಾತು. ಎಲ್ಲಿ ಉಣ್ಣಬೇಕೆಂದು ಈಗಲೂ ನನ್ನನ್ನೇ ಕೇಳಿ. ಹೇಳುತ್ತೇನೆ. ನನಗಿಂತ ಚೆನ್ನಾಗಿ ಹೇಳುವವರು ಈ ನಾಲ್ಕು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ನಿಮ್ಮ ಪರವಾಗಿ ಫೋನ್ ಮಾಡುವ ಕೆಲಸ ಮಾತ್ರ ಬಂದ್.

ಇನ್ನು ನನ್ನ ವಿಷಯ. ಆವತ್ತಿನಿಂದ ದಿನಾ ಮಧ್ಯಾಹ್ನ ಅಕ್ಕಿಆಲೂರಿನ ಬಸ್ಸು ಹತ್ತುತ್ತಿದ್ದೇನೆ. ಐದು ದಿನವಾಯಿತು. ಐದು ದಿನವೂ ಕುರ್ಚಿ, ಐದು ದಿನವೂ ಪೂರಿ. ನಮ್ಮ ಡಾಕ್ಟರು ಎಣ್ಣೆ ಬಿಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಅವರು ಈ ಅಂಕಣ ಓದದಿರಲಿ. ನಿನ್ನೆ ನೀರು ಕುಡಿಯಲು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಾಗ ಫಕ್ಕೀರವ್ವ, ‘ಏ, ಕಾಲಾಗ ಕಾಲಾಗ ಯಾಕ ಬರ್ತಿ, ಅತ್ತಾಗ ಸರಿ’ ಎಂದು ಗದರಿದಳು. ಆಮೇಲೆ ನೆನಪಾಗಿ ‘ಸರೀರಿ’ ಎಂದು ತಿದ್ದಿಕೊಂಡಳು.

ಬೀಗರನ್ನು ಯಾರೂ ಗದರುವುದಿಲ್ಲ. ಇವತ್ತೂ ಹೊರಟಿದ್ದೇನೆ, ಇನ್ನೆಷ್ಟು ದಿನ ಪೂರಿ ಕರಿಯುತ್ತಾಳೆ, ನಾನೂ ನೋಡೇ ಬಿಡುತ್ತೇನೆ.